ಕೆನ್ನೆಯ ಬಂಗಿಗೆ ಲೇಸರ್ ಮಾಡಿಸಬಹುದಾ? ಗೊತ್ತಿದ್ದವರು ಹೇಳಿ

ಕುಮಟಾ ಅಕ್ಕೋರು:

ನಮಸ್ಕಾರ. ಕುಮಟಾ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಅಕ್ಕೋರು. ವಯಸ್ಸು 39. ಎರಡನೇ ಮಗಳು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಗೆ ಬಂಗು ಬಂತು. ಹೆರಿಗೆ ಆದಮೇಲೆ ತಾನಾಗಿ ಹೋಗುತ್ತೆ ಅಂದರು. ಆ ಮಗಳು ಈಗ ಮೂರನೇ ಕ್ಲಾಸು, ಬಂಗು ಹಾಗೇ ಇದೆ. ಮೇಲ್ತುಟಿಯ ಮೇಲೂ ಕಪ್ಪಾಗಿದೆ, ಫೋಟೋದಲ್ಲಿ ಮೀಸೆ ಥರ ಕಾಣುತ್ತೆ. ಮೊನ್ನೆ ಒಂದನೇ ಕ್ಲಾಸಿನ ಪೋರ ಒಬ್ಬ "ಅಕ್ಕೋರೆ, ಮುಖಕ್ಕೆ ಮಸಿ ತಾಗಿದೆ" ಅಂತ ತನ್ನ ಕರ್ಚೀಫೇ ಕೊಟ್ಟ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕಡಲೆಹಿಟ್ಟು, ಅರಿಶಿನ, ರಕ್ತಚಂದನ ಎಲ್ಲ ಆಯಿತು. ಲಿಂಬೆಹಣ್ಣು ತಿಕ್ಕಿ ಉರಿ ಎದ್ದಿದ್ದೊಂದೇ ಲಾಭ. ಎರಡು ತಿಂಗಳಿಂದ ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚುತ್ತಿದ್ದೇನೆ. ಹಚ್ಚಿದಷ್ಟು ದಿನ ಬೆಳ್ಳಗೆ, ಬಿಟ್ಟರೆ ಮುಖ ಕೆಂಪಾಗಿ ಉರಿ.

ಈಗ ಪೇಟೆಯ ಪಾರ್ಲರ್ ಒಂದರಲ್ಲಿ ಲೇಸರ್ ಬಂದಿದೆಯಂತೆ. 6 ಸಿಟ್ಟಿಂಗಿಗೆ 24,000 ರೂಪಾಯಿ, ಗ್ಯಾರಂಟಿ ಹೋಗುತ್ತೆ ಅಂತಾರೆ. ಮೇ ತಿಂಗಳಲ್ಲಿ ನಾದಿನಿ ಮದುವೆ, ಅಷ್ಟರಲ್ಲಿ ಮಾಡಿಸೋಣ ಅಂತ ಆಸೆ. ನಮ್ಮ ಥರದ ಕಂದು ಮೈಬಣ್ಣಕ್ಕೆ ಇದು ಆಗುತ್ತಾ?

ಶಿರಸಿ ತೋಟದವ:

ಧೈರ್ಯವಾಗಿ ಮಾಡಿಸಿ. ನನಗೆ ಕಿವಿ ಪಕ್ಕದಲ್ಲಿ ಎಂಟಾಣೆ ಅಗಲದ ಕಂದು ಕಲೆ ಇತ್ತು. ಬಿಸಿಲಿಗೆ, ವಯಸ್ಸಿಗೆ ಬಂದಿದ್ದು ಅಂದರು ಡಾಕ್ಟರು. ಹುಬ್ಬಳ್ಳಿಯಲ್ಲಿ ಲೇಸರ್ ಹೊಡೆಸಿದೆ. ಈಗ ಎಲ್ಲಿತ್ತು ಅಂತ ಹುಡುಕಬೇಕು. ಅಡಿಕೆ ಕೊಯ್ಲು ಮುಗಿಸಿಕೊಂಡು ಹೋಗಿದ್ದೆ, ಮನೆಯವರು "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ" ಅಂತ ಬೈದಿದ್ದೊಂದೇ ನೋವು.

ಅಂಕೋಲೆ ಸಿಸ್ಟರ್:

ಅಕ್ಕೋರೆ, ಪಾರ್ಲರಿಗೆ ಅಡ್ವಾನ್ಸ್ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಓದಿ.

ನಾನು ಅಂಕೋಲೆಯವಳು. ದೂರದ ಊರಿನ ಚರ್ಮದ ಆಸ್ಪತ್ರೆಯಲ್ಲಿ ನರ್ಸ್, ಲೇಸರ್ ರೂಮಿನಲ್ಲೇ ಡ್ಯೂಟಿ. ಡಾಕ್ಟರಲ್ಲ. ಆದರೆ ಯಾರು ನಗುತ್ತ ಹೋದರು, ಯಾರು ಅಳುತ್ತ ವಾಪಸ್ ಬಂದರು ಅಂತ ದಿನಾ ನೋಡುವವಳು.

ಶಿರಸಿ ಅಣ್ಣ ಹೇಳಿದ್ದು ನಿಜವೇ. ಆದರೆ ಅವರ ಕಲೆ ಬೇರೆ, ನಿಮ್ಮ ಬಂಗು ಬೇರೆ. ಅವರದು ಚರ್ಮದ ಮೇಲುಪದರದಲ್ಲಿ ಒಂದೇ ಜಾಗದಲ್ಲಿ ಕೂತ ಬಣ್ಣ. ಅದಕ್ಕೆ ಹೆಚ್ಚಾಗಿ ಬಳಸುವುದು ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಅನ್ನೋ ಮಷೀನು. 532 ನ್ಯಾನೊಮೀಟರ್ ತರಂಗಾಂತರದ ಬೆಳಕು, ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಎಲ್ಲರ ಕಣ್ಣಿಗೂ ಕನ್ನಡಕ. ಟಕ್ ಟಕ್ ಅಂತ ಸದ್ದು, ಕೂದಲು ಸುಟ್ಟ ವಾಸನೆ. ಬೆಳಕು ಬಿದ್ದ ಕೂಡಲೇ ಕಂದು ಕಲೆ ಬೂದಿಬಣ್ಣಕ್ಕೆ ತಿರುಗಿ ಬಿಳಿಯಾಗುತ್ತದೆ. ನಾನು ಐಸ್ ಪ್ಯಾಕ್ ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಬಿಳುಪು ಇಳಿಯುತ್ತದೆ. ಮಾರನೇ ದಿನ ನೋಡಿದರೆ ಕಲೆ ಮೊದಲಿಗಿಂತ ಕಪ್ಪು! ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ತೆಳ್ಳಗೆ ಹಕ್ಕಳೆ ಕಟ್ಟಿ ವಾರ, ಹತ್ತು ದಿನದಲ್ಲಿ ತಾನಾಗಿ ಉದುರಬೇಕು. ಕಿತ್ತರೆ ಕೆಲಸ ಕೆಟ್ಟಿತು.

ಬಂಗಿನಲ್ಲಿ ಹಾಗಲ್ಲ. ಅಲ್ಲಿ ಬಣ್ಣ ತಯಾರಿಸುವ ಜೀವಕೋಶಗಳೇ ಕೆರಳಿ ಕೂತಿರುತ್ತವೆ. ಬಸಿರಿನ ಹಾರ್ಮೋನು, ಗರ್ಭನಿರೋಧಕ ಮಾತ್ರೆ, ಬಿಸಿಲು, ಮನೆತನದಿಂದ ಬಂದ ಗುಣ, ಕೆಲವರಿಗೆ ಒಲೆ ಮುಂದಿನ ಬಿಸಿ ಕೂಡ ಇದಕ್ಕೆ ಕಾರಣ. ಇದ್ದ ಬಣ್ಣವನ್ನು ಲೇಸರ್ ಒಡೆಯುತ್ತದೆ, ಪುಡಿಯಾದದ್ದನ್ನು ಮೈಯೇ ಸಾಗಿಸುತ್ತದೆ, ಅಷ್ಟರವರೆಗೆ ಸರಿ. ಆಮೇಲೆ ಆ ಜೀವಕೋಶಗಳು ಮತ್ತೆ ಶುರುಮಾಡುತ್ತವೆ. ಲೇಸರಿನ ಬಿಸಿಗೆ ಇನ್ನೂ ಕೆರಳಬಹುದು. ಹಾಗಾಗಿ "ಗ್ಯಾರಂಟಿ" ಅಂದವರ ಹತ್ತಿರ ಹೋಗಲೇಬೇಡಿ. ಬಂಗು ಹತೋಟಿಗೆ ಬರುತ್ತದೆ, ಗ್ಯಾರಂಟಿಯಾಗಿ ಹೋಗುವುದಿಲ್ಲ.

ಮೈಬಣ್ಣದ ವಿಷಯ ಕೇಳಿದ್ದು ಒಳ್ಳೆಯದಾಯಿತು. ಕಲೆಯಲ್ಲಿರುವುದೂ ಮೆಲನಿನ್ ಅನ್ನೋ ಬಣ್ಣದ ವಸ್ತು, ನಮ್ಮ ಚರ್ಮದಲ್ಲಿರುವುದೂ ಮೆಲನಿನ್. ಬೆಳಕಿಗೆ ಭೇದ ಗೊತ್ತಾಗಲ್ಲ ಅಲ್ವಾ? ನಮ್ಮಂಥ ಬಣ್ಣದವರಿಗೆ ಪವರ್ ಸ್ವಲ್ಪ ಜಾಸ್ತಿಯಾದರೂ ಸುಟ್ಟ ಜಾಗ ಹೊಸದಾಗಿ ಕಪ್ಪಾಗುತ್ತದೆ. 1064 ನ್ಯಾನೊಮೀಟರಿನ ಬೆಳಕು ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮಕ್ಕೆ ಅಪಾಯ ಕಡಿಮೆ. "ಲೇಸರ್ ಟೋನಿಂಗ್" ಅಂತ ಮಾರುವುದು ಇದನ್ನೇ, ಕಡಿಮೆ ಪವರಿನಲ್ಲಿ. ಅದನ್ನೂ ಅತಿಯಾಗಿ ಮಾಡಿದರೆ ಕೆನ್ನೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಬೀಳುತ್ತವೆ. ಬೇರೆಡೆ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದ ಒಬ್ಬರನ್ನು ನೋಡಿದ್ದೇನೆ: ಕಪ್ಪು ಬಂಗು ಹಾಗೇ ಇದೆ, ಅದರ ಮಧ್ಯೆ ಬಿಳಿ ಚುಕ್ಕೆ. ಕಪ್ಪಿಗಾದರೂ ಮದ್ದಿದೆ, ಆ ಬಿಳಿಗೆ ಸುಲಭದ ಮದ್ದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಲೇಸರಿಗಿಂತ ಭಯ ಹುಟ್ಟಿಸಿದ್ದು ಆ ಕ್ರೀಮು. ಹಚ್ಚಿದರೆ ಬೆಳ್ಳಗೆ, ಬಿಟ್ಟರೆ ಕೆಂಪು, ಉರಿ. ಇದು ಬಹುಪಾಲು ಸ್ಟೀರಾಯ್ಡ್ ಇರುವ ಕ್ರೀಮಿನ ಲಕ್ಷಣ. ಅಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ 2018ರಲ್ಲೇ ನಿಯಮ ತಂದಿದೆ. ಕೇಳುವವರು ಯಾರು! ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಮೊಡವೆ ಬರುತ್ತದೆ, ಕೂದಲು ಬೆಳೆಯುತ್ತದೆ, ಕೆಂಪು ನರ ಕಾಣುತ್ತದೆ. ಅಂಥ ಚರ್ಮದ ಮೇಲೆ ಲೇಸರ್ ಬಿಟ್ಟರೆ ಏನಾಗುತ್ತದೆ, ನೀವೇ ಯೋಚಿಸಿ. ಹೇಗೆ ನಿಲ್ಲಿಸಬೇಕು ಅಂತ ಚರ್ಮದ ಡಾಕ್ಟರನ್ನೇ ಕೇಳಿ.

ಡಾಕ್ಟರು ಸಾಮಾನ್ಯವಾಗಿ ಮೊದಲು ಸನ್‌ಸ್ಕ್ರೀನ್, ಜೊತೆಗೆ ರಾತ್ರಿ ಹಚ್ಚುವ ಕ್ರೀಮು ಬರೆಯುತ್ತಾರೆ. ಹೈಡ್ರೊಕ್ವಿನೋನ್, ಟ್ರೆಟಿನೊಯಿನ್, ಸೌಮ್ಯ ಸ್ಟೀರಾಯ್ಡ್ ಮೂರೂ ಸೇರಿದ್ದು. ಅದೂ ಸ್ಟೀರಾಯ್ಡೇ ತಾನೇ ಅಂತೀರಾ? ಹೌದು, ಆದರೆ ಇಷ್ಟು ವಾರ ಅಂತ ಲೆಕ್ಕ ಹಾಕಿ, ಮಧ್ಯೆ ನೋಡಿ, ನಿಲ್ಲಿಸುತ್ತಾರೆ. ಬಸುರಿಯರಿಗೆ ಅದು ಆಗದು. ಕೆಲವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಅದು ಅಪಾಯ, ಅದಕ್ಕೇ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಇದೆಲ್ಲ ಸಾಲದಿದ್ದಾಗ ಮಾತ್ರ ಲೇಸರ್, ಅದೂ ಚರ್ಮದ ಡಾಕ್ಟರ ಕೈಯಲ್ಲಿ, ಒಂದು ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡಿದ ಮೇಲೆ.

ಮದುವೆ ಮೇ ತಿಂಗಳು ಅಂದಿರಿ. ಬಿಸಿಲಿಗೆ ಕಪ್ಪಾದ ಮುಖಕ್ಕೆ ಲೇಸರ್ ಮಾಡಲೇಬಾರದು. ನಾದಿನಿ ಮದುವೆಗೆ ಬಂಗಿನ ಮೇಲೆ ಒಳ್ಳೆ ಮೇಕಪ್ ಹಾಕಿಸಿಕೊಳ್ಳಿ, ಸಾಕು. ವಧು ಅವಳು.

ಹೊನ್ನಾವರ ಬಂದರು:

ಸಿಸ್ಟರ್, ನನ್ನದೂ ಒಂದು. ಕುತ್ತಿಗೆ ಹಿಂದೆ, ಕಂಕುಳಲ್ಲಿ ದಪ್ಪಗೆ ಕಪ್ಪಾಗಿದೆ. ತಿಕ್ಕಿದರೂ ಹೋಗಲ್ಲ. ಲೇಸರ್ ಆಗುತ್ತಾ? ತೂಕ ಸ್ವಲ್ಪ ಜಾಸ್ತಿ ಇದೆ, ವಯಸ್ಸು 26.

ಅಂಕೋಲೆ ಸಿಸ್ಟರ್:

ತಮ್ಮಾ, ತಿಕ್ಕುವುದು ನಿಲ್ಲಿಸು, ಅದು ಕೊಳೆ ಅಲ್ಲ. ಮೊದಲು ಶುಗರ್ ಟೆಸ್ಟ್ ಮಾಡಿಸು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗೆ ಆಗುವುದು ತುಂಬಾ ಸಾಮಾನ್ಯ. ತೂಕ ಇಳಿದರೆ ಅದೂ ತಿಳಿಯಾಗುತ್ತದೆ. ಲೇಸರಿಗೆ ದುಡ್ಡು ಹಾಕಬೇಡ.

ಶಿರಸಿ ತೋಟದವ:

ಸಿಸ್ಟರ್ ಹೇಳಿದ್ದು ಒಪ್ಪಿದೆ. ನನ್ನ ಕಲೆಗೂ ಡಾಕ್ಟರು ಮೊದಲು ಭೂತಗನ್ನಡಿ ಥರದ್ದು ಹಿಡಿದು ನೋಡಿ, "ಇದು ಬೆಳೀತಿದೆಯಾ, ರಕ್ತ ಬರುತ್ತಾ" ಅಂತೆಲ್ಲ ಕೇಳಿದ್ದರು. ಆಗ ಸುಮ್ನೆ ಟೈಮ್ ಪಾಸ್ ಅಂದುಕೊಂಡಿದ್ದೆ.

ಅಂಕೋಲೆ ಸಿಸ್ಟರ್:

ಟೈಮ್ ಪಾಸ್ ಅಲ್ಲ ಅಣ್ಣಾ. ಬೆಳೆಯುವ, ಬಣ್ಣ ಬದಲಾಗುವ ಮಚ್ಚೆಯಾದರೆ ಮೊದಲು ಬಯಾಪ್ಸಿ, ಅಂದರೆ ಸಣ್ಣ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷೆ. ಲೇಸರಿನಲ್ಲಿ ಸುಟ್ಟುಬಿಟ್ಟರೆ ಅದು ಏನಿತ್ತು ಅಂತ ಪರೀಕ್ಷೆಗೂ ಸಿಗಲ್ಲ.

ಕುಮಟಾ ಅಕ್ಕೋರು:

ಸಿಸ್ಟರ್, ತುಂಬಾ ಥ್ಯಾಂಕ್ಸ್. ಪಾರ್ಲರಿನವರಿಗೆ ಬೇಡ ಅಂತ ಮೆಸೇಜ್ ಹಾಕಿದೆ. "10 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ" ಅಂತ ಬಂತು ಉತ್ತರ! ಒಂದು ಡೌಟು. ಬೆಳಿಗ್ಗೆ ಸ್ಕೂಟಿಯಲ್ಲಿ ಹೈವೇ ಮೇಲೆ ಹೋಗುವಾಗ ಬಿಸಿಲು ನೇರ ಮುಖಕ್ಕೆ. ನಮ್ಮ ಸೆಕೆಗೆ ಸನ್‌ಸ್ಕ್ರೀನ್ ಹಚ್ಚಿದರೂ ಬೆವರಿಗೆ ಇಳಿದುಹೋಗುತ್ತೆ. ಮಳೆಗಾಲದಲ್ಲಾದರೂ ಬಿಡಬಹುದಾ?

ಅಂಕೋಲೆ ಸಿಸ್ಟರ್:

ಬಿಡಬೇಡಿ. ಮೋಡದಲ್ಲೂ ಬಿಸಿಲಿನ ನೇರಳಾತೀತ ಕಿರಣ ಇಳಿಯುತ್ತದೆ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಅದಕ್ಕಿಂತ ಮೇಲಿನದು ನೋಡಿ. ಚರ್ಮದ ಬಣ್ಣದ್ದೇ, ಐರನ್ ಆಕ್ಸೈಡ್ ಇರುವುದು ಸಿಕ್ಕರೆ ಬಂಗಿಗೆ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಿ. ನಮ್ಮವರು ಕಾಡಿಗೆಯಷ್ಟು ಹಚ್ಚಿ ಕೆಲಸ ಮಾಡಲ್ಲ ಅಂತಾರೆ. ಮಧ್ಯಾಹ್ನದ ಊಟದ ಬೆಲ್ ಆದಾಗ ಬೆವರು ಒರೆಸಿ ಇನ್ನೊಮ್ಮೆ. ಸ್ಕೂಟಿಯಲ್ಲಿ ಪೂರ್ತಿ ಮುಖದ ಹೆಲ್ಮೆಟ್, ಕೆಳಗೆ ಕಾಟನ್ ಓಢನಿ. ಕ್ರೀಡಾಕೂಟದಲ್ಲಿ ಕೊಡೆ ಹಿಡಿಯಲು ನಾಚಬೇಡಿ.

ಡಾಕ್ಟರನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಚರ್ಮದ ವಿಭಾಗ ಇದೆ. ಹೋಗುವಾಗ ಆ ಕ್ರೀಮಿನ ಟ್ಯೂಬು, ನುಂಗುವ ಮಾತ್ರೆ ಏನಾದರೂ ಇದ್ದರೆ ಅದೂ ಚೀಲದಲ್ಲಿರಲಿ. ಆ ದಿನ ಮುಖಕ್ಕೆ ಏನೂ ಹಚ್ಚಬೇಡಿ. ಕತ್ತಲೆ ರೂಮಿನಲ್ಲಿ ವುಡ್ಸ್ ಲ್ಯಾಂಪ್ ಅನ್ನೋ ನೇರಳಾತೀತ ಬೆಳಕಿನ ದೀಪ ಹಿಡಿದು ಬಂಗು ಎಷ್ಟು ಆಳ ಇದೆ ಅಂತ ನೋಡಬಹುದು. ಪೌಡರು, ಕ್ರೀಮು ಇದ್ದರೆ ಅದೇ ಹೊಳೆದು ಸರಿಯಾಗಿ ಕಾಣಲ್ಲ.