‘ಎಸೆನ್ಷಿಯಲ್ ಆಯಿಲ್’ ಅನ್ನು ಲೇಬಲ್ ಮೇಲೆ ಏನಂತ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಶಿರಸಿ ಕಡೆಯ ನಮ್ಮ ಅತ್ತಿಗೆ ತುಟಿಗೆ, ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು ಮನೆಯಲ್ಲೇ ಮಾಡುತ್ತಾರೆ. ಮುರುಗಲ (ಕೋಕಂ) ತುಪ್ಪ, ಕೊಬ್ಬರಿ ಎಣ್ಣೆ, ಜೇನುಮೇಣ, ಕೊನೆಗೆ ಕೆಲವು ಹನಿ ಎಸೆನ್ಷಿಯಲ್ ಆಯಿಲ್. ಲೇಬಲ್ಲನ್ನು ಕನ್ನಡದಲ್ಲಿ ಬರೆದುಕೊಡು ಅಂದರು. ಮೊದಲ ಮೂರು ಹೆಸರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಪೆನ್ನು ನಿಂತಿತು.

‘ಅಗತ್ಯ ತೈಲ’ ಎಂದು ಕೆಲವು ಕಡೆ ನೋಡಿದ್ದೇನೆ. ಅದು ತಪ್ಪು. ಇಲ್ಲಿ ಎಸೆನ್ಷಿಯಲ್ ಅಂದರೆ ಬೇಕೇಬೇಕಾದದ್ದು ಅಂತಲ್ಲ, ಎಸೆನ್ಸಿಗೆ ಸೇರಿದ್ದು, ಗಿಡದ ಪರಿಮಳದ ಸಾರ. ಊಟದ ವಿಷಯದಲ್ಲಿ ‘ಅಗತ್ಯ ಕೊಬ್ಬಿನಾಮ್ಲ’ ಅಂದರೆ ಸರಿ. ಅದನ್ನು ಮೈ ತಾನೇ ತಯಾರಿಸಿಕೊಳ್ಳಲಾರದು, ತಿಂದೇ ಪಡೆಯಬೇಕು. ಮುಲಾಮಿಗೆ ಈ ಎಣ್ಣೆ ಹಾಕದಿದ್ದರೂ ಏನೂ ಆಗುವುದಿಲ್ಲ.

‘ಸಾರಭೂತ ತೈಲ’ಕ್ಕೆ ಅರ್ಥ ಸರಿಯಾಗಿಯೇ ಇದೆ. ಆದರೆ ಅತ್ತಿಗೆ ಓದಿ, “ಇದರಲ್ಲಿ ಭೂತ ಎಂತಕ್ಕೆ ಬಂತು ಮಾರಾಯಾ?” ಅಂದರು. ‘ಸುಗಂಧ ತೈಲ’ ಕೇಳಲು ಚೆನ್ನ. ಆದರೆ ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಮಾಡಿದ ಪರಿಮಳಕ್ಕೂ ಅದೇ ಹೆಸರು ಒಪ್ಪುತ್ತದೆ, ಅಲ್ವಾ? ತಾನು ಅದನ್ನು ಹಾಕಿಲ್ಲ ಎಂದು ಹೇಳಿಕೊಳ್ಳುವುದಕ್ಕೇ ಅತ್ತಿಗೆಗೆ ಈ ಲೇಬಲ್ ಬೇಕು.

ಬಿಡಿಬಿಡಿಯಾಗಿ ನೋಡಿದರೆ ನಮ್ಮಲ್ಲಿ ಹೆಸರಿಗೇನೂ ಬರವಿಲ್ಲ. ನೆಗಡಿಗೆ ನೀಲಗಿರಿ ಎಣ್ಣೆ, ಹಲ್ಲುನೋವಿಗೆ ಲವಂಗದೆಣ್ಣೆ. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಹೊರಟಿತಲ್ಲ, ಅದನ್ನೂ ನಾವು ಗಂಧದೆಣ್ಣೆ ಅಂತಲೇ ಕರೆಯುತ್ತೇವೆ. ಇವೆಲ್ಲವನ್ನೂ ಸೇರಿಸಿ ಕರೆಯುವ ಹೆಸರು ಮಾತ್ರ ನನಗೆ ಸಿಕ್ಕಿಲ್ಲ.

ಬರೀ ‘ಎಣ್ಣೆ’ ಅಂದರೆ ಸಾಲದೇ? ಸಾಲದು. ಮಜ್ಜಿಗೆ ಹುಲ್ಲನ್ನು (ಲೆಮನ್ ಗ್ರಾಸ್) ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಕಾಸಿದರೂ ಮಜ್ಜಿಗೆ ಹುಲ್ಲಿನ ಎಣ್ಣೆ, ಅದೇ ಹುಲ್ಲನ್ನು ಬಟ್ಟಿ ಇಳಿಸಿ ತೆಗೆದರೂ ಮಜ್ಜಿಗೆ ಹುಲ್ಲಿನ ಎಣ್ಣೆ. ಮೊದಲನೆಯದು ಮೃದು. ಎರಡನೆಯದು ಖಾರ, ಮುಖಕ್ಕೆ ಹಚ್ಚುವ ಮುಲಾಮಿಗೆ ತೀರಾ ಕಡಿಮೆ ಹಾಕಿದರೇ ಒಳ್ಳೆಯದು. ನಾನೊಮ್ಮೆ ಸುಮ್ನೆ ನೋಡೋಣ ಅಂತ ಅದನ್ನು ಹಾಗೇ ಮುಂಗೈಗೆ ಸವರಿಕೊಂಡು, ಉರಿ ತಾಳಲಾರದೆ ಅರ್ಧ ದಿನ ಕೈಗೆ ಗಾಳಿ ಊದಿಕೊಳ್ಳುತ್ತಾ ಕೂತಿದ್ದೆ.

ನಿಜ ಹೇಳಬೇಕೆಂದರೆ ಇದು ಎಣ್ಣೆಯೇ ಅಲ್ಲ. ನೀಲಗಿರಿ ಎಣ್ಣೆಯ ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು ನೋಡಿ. ಆರಿಹೋಗುತ್ತದೆ, ಎಳ್ಳೆಣ್ಣೆಯಂತೆ ಜಿಡ್ಡಿನ ಕಲೆ ಉಳಿಯುವುದಿಲ್ಲ. ಎಳ್ಳಿಗೆ ‘ನೆಯ್’ ಸೇರಿ ಎಣ್ಣೆ ಆಯಿತು, ತಿಲದಿಂದ ತೈಲ ಬಂತು. ಎರಡು ಪದಕ್ಕೂ ಮೂಲ ಎಳ್ಳೇ. ಅಂದಮೇಲೆ ‘ತೈಲ’ ಅಂದರೂ ಈ ತೊಡಕು ತಪ್ಪುವುದಿಲ್ಲ. ‘ನೆಯ್’ ಅಂದರೆ ತುಪ್ಪ ತಾನೆ? ಹಾಗಾಗಿ ‘ಕೋಕಂ ಬಟರ್’ ಅನ್ನುವುದಕ್ಕಿಂತ ‘ಮುರುಗಲ ತುಪ್ಪ’ ಎಷ್ಟು ಚೆನ್ನಾಗಿದೆ ನೋಡಿ. ಅದಿರಲಿ.

‘ಬಟ್ಟಿ ಎಣ್ಣೆ’ ಅನ್ನೋಣ ಅಂದುಕೊಂಡೆ. ಮನೆಯಲ್ಲಿ ಎಲ್ಲರೂ ನಕ್ಕರು. ಈಗಿನ ಹುಡುಗರ ಬಾಯಲ್ಲಿ ‘ಎಣ್ಣೆ’ ಅಂದರೇನು ಅಂತ ನಿಮಗೂ ಗೊತ್ತು. ಅದಕ್ಕೆ ‘ಬಟ್ಟಿ’ಯೂ ಸೇರಿದರೆ ಅಬಕಾರಿಯವರು ಬಾಗಿಲು ತಟ್ಟಿಯಾರು! ಮೇಲಾಗಿ ನಿಂಬೆಸಿಪ್ಪೆಯ ಎಣ್ಣೆಯನ್ನು ಹೆಚ್ಚಾಗಿ ಹಿಂಡಿಯೇ ತೆಗೆಯುತ್ತಾರೆ, ಅದಕ್ಕೆ ಈ ಹೆಸರು ಹೊಂದುವುದಿಲ್ಲ. ಹಾಗೆ ಹಿಂಡಿ ತೆಗೆದದ್ದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಆಗುವುದುಂಟು. ಹಾಗಾಗಿ ತೆಗೆದ ಬಗೆಯನ್ನೂ ಲೇಬಲ್ ಮೇಲೆ ಬರೆಯಬೇಕು, ಆದರೆ ಅದು ಹೆಸರಿನೊಳಗೇ ಇರಬೇಕಿಲ್ಲ.

ಸದ್ಯಕ್ಕೆ ‘ಸಾರದೆಣ್ಣೆ’ ಎಂದು ಬರೆದಿದ್ದೇನೆ. ಸಾರಭೂತದಿಂದ ಭೂತ ಬಿಡಿಸಿದ್ದು, ಅಷ್ಟೇ. ಕಾಸಿ ಮಾಡಿದ್ದಕ್ಕೆ ‘ಕಾಸಿದೆಣ್ಣೆ’. ದವನ, ಲಾವಂಚ, ಮಜ್ಜಿಗೆ ಹುಲ್ಲನ್ನು ಬಟ್ಟಿ ಇಳಿಸುವವರು ನಿಮ್ಮ ಕಡೆ ಇದ್ದರೆ, ಅವರು ಇದನ್ನು ಏನೆನ್ನುತ್ತಾರೆ? ಜೊತೆಗೆ ಇನ್ನೊಂದು: ಇದನ್ನು ಬೆರೆಸಿ ತೆಳುಮಾಡುವ ಕೊಬ್ಬರಿ ಎಣ್ಣೆಯಂಥದ್ದಕ್ಕೆ ‘ವಾಹಕ ತೈಲ’ ಅನ್ನುತ್ತಾರೆ. ನನಗೆ ಅದು ಲಾರಿಯ ಹೆಸರಿನ ಹಾಗೆ ಕೇಳಿಸುತ್ತದೆ. ‘ಮೂಲ ಎಣ್ಣೆ’ ಅಂದರೆ ನಡೆದೀತೇ? ಲೇಬಲ್ ಅಚ್ಚಿಗೆ ಹೋಗುವುದು ಮುಂದಿನ ವಾರ.