ಕಿಡ್ನಿ ಕೇಸಲ್ಲಿ 'ಕಳ್ಳಸಾಗಣೆ' ಅನ್ನೋದು ಸರಿಯಾ?

ಎಲ್ಲರಿಗೂ ನಮಸ್ಕಾರ, ಒಂದು ಅನುವಾದದಲ್ಲಿ ಸಿಕ್ಕಾಕ್ಕೊಂಡಿದೀನಿ, ಸ್ವಲ್ಪ ದಾರಿ ತೋರಿಸಿ.

2024ರ ಮೇನಲ್ಲಿ ಕೊಚ್ಚಿ ಹತ್ರ ನೆಡುಂಬಾಶ್ಶೇರಿ ಏರ್‌ಪೋರ್ಟಲ್ಲಿ ಒಬ್ಬನ್ನ ಹಿಡಿದ್ರಲ್ಲ, ಬಡವರನ್ನ ಇರಾನಿಗೆ ಕರ್ಕೊಂಡು ಹೋಗಿ ಕಿಡ್ನಿ ತೆಗೆಸ್ತಿದ್ದ ಅಂತ ಆರೋಪ, ಆಮೇಲೆ ಕೇಸು ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಕೈಗೆ ಹೋಯ್ತು, ಆ ಥರದ ಕೇಸುಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ. ಟ್ರಾಫಿಕಿಂಗ್ (ಮೋಸ, ಬಲವಂತ, ಆಮಿಷದಿಂದ ಜನರನ್ನ ಶೋಷಣೆಗೆ ಸಿಕ್ಕಿಸೋದು) ಅಂದ್ರೆ ಪೇಪರಲ್ಲಿ ಕಣ್ಣುಮುಚ್ಚಿ 'ಮಾನವ ಕಳ್ಳಸಾಗಣೆ' ಅಂತ ಬರೀತಾರೆ, ನಾನೂ ಹಾಗೇ ಬರ್ಕೊಂಡು ಹೋದೆ. ಆದ್ರೆ ಪಾಸ್‌ಪೋರ್ಟು ವೀಸಾ ಎಲ್ಲ ಇಟ್ಕೊಂಡು ಹಗಲು ಹೊತ್ತಲ್ಲೇ ಫ್ಲೈಟ್ ಹತ್ತಿ ಹೋದೋರ ವಿಷಯದಲ್ಲಿ 'ಕಳ್ಳ' ಎಲ್ಲಿಂದ ಬಂತು? ಚಿನ್ನ ಕದ್ದು ತಂದ್ರೂ ಕಳ್ಳಸಾಗಣೆ, ವೀಸಾ ಇಲ್ದೆ ಗಡಿ ದಾಟಿಸಿದ್ರೂ ಕಳ್ಳಸಾಗಣೆ, ಇದೂ ಕಳ್ಳಸಾಗಣೆ. ವಿಶ್ವಸಂಸ್ಥೆಯವರು 2000ದಲ್ಲಿ ಕದ್ದು ಗಡಿ ದಾಟಿಸೋದಕ್ಕೇ ಒಂದು, ಟ್ರಾಫಿಕಿಂಗಿಗೇ ಒಂದು ಅಂತ ಬೇರೆ ಬೇರೆ ಪ್ರೋಟೋಕಾಲ್ (ಅಂತರರಾಷ್ಟ್ರೀಯ ಒಪ್ಪಂದ) ಮಾಡಿದ್ರು, ನಮ್ಮಲ್ಲಿ ಎರಡಕ್ಕೂ ಒಂದೇ ಪದ!

'ಸಾಗಣೆ'ನೂ ಅರ್ಧಂಬರ್ಧವೇ. ಟ್ರಾಫಿಕಿಂಗ್ ಬಗ್ಗೆ ಇರೋ ಐಪಿಸಿ (ಹಳೇ ದಂಡ ಸಂಹಿತೆ) 370ನೇ ಸೆಕ್ಷನ್, ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 143, ಓದಿ ನೋಡಿ: ಆಳು ಹಿಡಿಯೋದು, ಸಾಗಿಸೋದು, ಇರಿಸ್ಕೊಳ್ಳೋದು, ಇನ್ನೊಬ್ಬರಿಗೆ ದಾಟಿಸೋದು, ಬಂದೋರನ್ನ ತಗೊಳ್ಳೋದು, ಐದರಲ್ಲಿ ಸಾಗಿಸೋದು ಒಂದೇ ಒಂದು. ಇಲ್ಲೇ ಕೂತು ಸಾಲದಲ್ಲಿ ಮುಳುಗಿರೋನನ್ನ ಹುಡುಕಿ ಆಸೆ ತೋರಿಸೋ ಏಜೆಂಟೂ ಅದರೊಳಗೆ ಬರ್ತಾನೆ, ಅವನು ಯಾರನ್ನೂ ಎಲ್ಲಿಗೂ ಸಾಗಿಸಿರಲ್ಲ. ಜೊತೆಗೆ, ಹೋದೋನು ಒಪ್ಪಿದ್ದ ಅನ್ನೋದು ಕಾನೂನಿಗೆ ಲೆಕ್ಕಕ್ಕೇ ಇಲ್ಲ. 'ಕಳ್ಳಸಾಗಣೆ' ಅಂದ ತಕ್ಷಣ ಓದೋರ ತಲೇಲಿ ಬರೋದು ಬಾಯಿಗೆ ಬಟ್ಟೆ ಕಟ್ಟಿ ವ್ಯಾನಿಗೆ ತುಂಬೋ ಸೀನು.

'ಮಾನವ ದುರ್ವ್ಯಾಪಾರ' ಅಂತ ಹಾಕೋಣ ಅಂದ್ಕೊಂಡೆ, ಅರ್ಥ ಹತ್ರ ಬರುತ್ತೆ ಆದ್ರೆ ಹಿಂದಿ ಸರ್ಕ್ಯುಲರ್ ವಾಸನೆ. 'ಆಳುದಂಧೆ'? ನನಗೇ ನಗು ಬಂತು. ಹಳ್ಳಿ ಕಡೆ ಇದಕ್ಕೆ ಬೇರೆ ಮಾತೇನಾದ್ರೂ ಇದ್ರೆ ಹೇಳಿ.

ಇನ್ನೊಂದು, ದುಡ್ಡಿಗೆ ಕಿಡ್ನಿ ಕೊಟ್ಟೋನನ್ನೂ 'ದಾನಿ' ಅಂತಾನೇ ಬರೀತಾರೆ. ಮೋಸ ಹೋದೋನು ಯಾವ ಸೀಮೆ ದಾನಿ ಸ್ವಾಮಿ? 'ಮಾರಿದವನು' ಅಂದ್ರೆ ತಪ್ಪು ಅವನ ತಲೆಗೇ ಬರುತ್ತೆ. ಸದ್ಯಕ್ಕೆ 'ಕಿಡ್ನಿ ಕೊಟ್ಟವರು' ಅಂತ ಹಾಕಿದೀನಿ, ಆದ್ರೆ ವಾಕ್ಯ ಉದ್ದ ಆಗಿ ಎಡಿಟರ್ ಬೈತಿದಾರೆ. ಚಿಕ್ಕದೊಂದು ಪದ ಹೊಳೆದ್ರೆ ಗುರುವಾರದೊಳಗೆ ತಿಳಿಸಿ.