ಮಾಣಿಗಾಗಿ ಶಿರಸಿ ಬಿಟ್ಟು ಬೆಂಗಳೂರಿಗೆ ಹೋಗಬೇಕಾ?

ತೋಟದಮನೆ: ನಮ್ಮ ಮಾಣಿಗೆ, ಅಂದರೆ ಮಗನಿಗೆ, ಆರು ತುಂಬಿತು. ನಾಲ್ಕನೇ ವರ್ಷದಲ್ಲಿ ಆಟಿಸಂ ಎಂದು ಗೊತ್ತಾಯಿತು. ಮಾತು ಕಡಿಮೆ. ಏನಾದರೂ ಬೇಕಾದರೆ ನಮ್ಮ ಕೈ ಹಿಡಿದು ಎಳೆಯುತ್ತಾನೆ. ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಹುಬ್ಬಳ್ಳಿಗೆ ಹೋಗುತ್ತೇವೆ. ಬೆಳಿಗ್ಗೆ ಹೊರಟರೆ ಮನೆ ಸೇರುವಾಗ ಕತ್ತಲೆ. ಅಲ್ಲಿ ಸಿಗುವುದು ಮುಕ್ಕಾಲು ಗಂಟೆ. ಬೆಂಗಳೂರಿನಲ್ಲಿರುವ ಮೈದುನ "ಅತ್ತಿಗೆ, ತೋಟ ಗೇಣಿಗೆ ಕೊಟ್ಟು ಇಲ್ಲಿಗೇ ಬನ್ನಿ, ವಾರಕ್ಕೆ ಐದು ದಿನ ಥೆರಪಿ ಮಾಡಿಸಬಹುದು" ಎನ್ನುತ್ತಾನೆ. ಇವರಿಗೆ ಮನಸ್ಸಿಲ್ಲ. ಇಲ್ಲಿ ಶಾಲೆಯಲ್ಲಿ ಹದಿನಾಲ್ಕೇ ಮಕ್ಕಳು. ಅಕ್ಕೋರು ಇವನನ್ನು ಚೆನ್ನಾಗಿ ಸುಧಾರಿಸುತ್ತಾರೆ. ಊರು ಬಿಟ್ಟು ಹೋದವರು, ಬಿಡದೇ ಉಳಿದವರು ಇದ್ದರೆ ಹೇಳಿ.

ರಾಜಾಜಿನಗರ ಶಿರಸಿಗ: ಅಕ್ಕ, ಯೋಚನೆ ಮಾಡುತ್ತಾ ಕೂರಬೇಡಿ, ಹೊರಡಿ. ನಾವು ಮಗಳಿಗಾಗಿ ಬಂದವರು. ಎರಡು ವರ್ಷದಲ್ಲಿ ಅವಳು ತಾನೇ ಊಟ ಮಾಡುತ್ತಾಳೆ, ಹೆಸರು ಹೇಳುತ್ತಾಳೆ. ಚಿಕ್ಕವರಿದ್ದಾಗ ಕಲಿಸಿದ್ದೇ ಲಾಭ. ಹೋದ ವರ್ಷ ತಿರುಗಿ ಬರುವುದಿಲ್ಲ. ತೋಟ ಎಲ್ಲಿಗೂ ಓಡಿಹೋಗುವುದಿಲ್ಲ.

ನಿವೃತ್ತ ಮಾಸ್ತರ: ಗೇಣಿ ಎಂದು ಎಲ್ಲೂ ಬರೆಯಬೇಡಿ ತಂಗಿ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟವರ ಜಮೀನು ಏನಾಯಿತು ಎಂದು ನಿಮ್ಮ ಮಾವನವರನ್ನು ಕೇಳಿ. ಇನ್ನು ಈ ಥೆರಪಿ. ಮೊದಲು ಮನೆಯಲ್ಲಿ ಮೊಬೈಲ್ ಬಂದ್ ಮಾಡಿ. 36 ವರ್ಷ ಕಲಿಸಿದ್ದೇನೆ. ನನ್ನ ಶಾಲೆಯಲ್ಲಿ ಇಂಥ ಹುಡುಗ ಒಬ್ಬನೂ ಇರಲಿಲ್ಲ.

ಕುಮಟಾದ ಅಮ್ಮ: "ಒಬ್ಬನೂ ಇರಲಿಲ್ಲ." ಇದ್ದರು ಮಾಸ್ತರೇ, ನಿಮ್ಮ ಶಾಲೆಯವರೆಗೆ ಬಂದಿರಲಿಲ್ಲ ಅಷ್ಟೇ. ನನ್ನ ಅಜ್ಜನಮನೆಯಲ್ಲಿ ಒಬ್ಬ ಮಾವ ಇದ್ದ. ಜಗುಲಿ ಮೂಲೆಯಲ್ಲಿ ಕೂತು ದಿನವಿಡೀ ಅಡಿಕೆ ಸಾಲು ಹಚ್ಚುತ್ತಿದ್ದ. "ಪಾಪದವ" ಎನ್ನುತ್ತಿದ್ದರು. ಮದುವೆಮನೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಲಿಯೋ ಕ್ಯಾನರ್ ಎಂಬ ಡಾಕ್ಟರು 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಆಗ ಯಾವ ಮೊಬೈಲ್ ಇತ್ತು?

ನಿವೃತ್ತ ಮಾಸ್ತರ: ಅಮೆರಿಕದ ಹನ್ನೊಂದು ಮಕ್ಕಳ ಕಥೆ ನಮಗ್ಯಾಕೆ? ನಾನು ಕಣ್ಣಾರೆ ನೋಡಿದ್ದು ಹೇಳುತ್ತಿದ್ದೇನೆ.

ಘಟ್ಟದ ಮೇಲಿನವ: ಅದಿರಲಿ. ಅಕ್ಕ, "ವಾರಕ್ಕೊಮ್ಮೆ ಹುಬ್ಬಳ್ಳಿ" ಎಂದರಲ್ಲ, ಬಸ್ ಪಾಸ್ ಮಾಡಿಸಿದ್ದೀರಾ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯದಲ್ಲಿ ಆಟಿಸಂ ಕೂಡ ಇದೆ. ಸರ್ಟಿಫಿಕೇಟಿನಲ್ಲಿ ವೈಕಲ್ಯ 40 ಶೇಕಡಾ ಇದ್ದು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಸಿಕ್ಕರೆ ಪಾಸ್ ಆಗುತ್ತದೆ. ನಿಮಗೆ ಹೇಗೂ 2023ರಿಂದ ಹೆಂಗಸರ ಶಕ್ತಿ ಯೋಜನೆ ಇದೆ. ಪುಕ್ಕಟೆ ಹೋಗಿ ಪುಕ್ಕಟೆ ಬನ್ನಿ.

ಕಾರವಾರ ಕಡಲು: ಪುಕ್ಕಟೆ ಎಲ್ಲಿಂದ? ಆ ಪಾಸ್ ನಡೆಯುವುದು ವಾಸದ ಊರಿನಿಂದ 100 ಕಿ.ಮೀ. ತನಕ ಮಾತ್ರ. ಹುಬ್ಬಳ್ಳಿ ನೂರು ದಾಟುತ್ತದೆ.

ಘಟ್ಟದ ಮೇಲಿನವ: ಮುಂಡಗೋಡದ ಮೇಲೆ ಹೋದರೆ ದಾಟುವುದಿಲ್ಲ. ನೀವು ಯಲ್ಲಾಪುರದ ಲೆಕ್ಕ ಹಿಡಿದಿದ್ದೀರಿ.

ಕಾರವಾರ ಕಡಲು: ನಾನು ಯಲ್ಲಾಪುರ ಎಂದೆನಾ? ಮುಂಡಗೋಡದ ಮೇಲೇ ನೂರರ ಆಚೀಚೆ ಆಗುತ್ತದೆ. ಆಚೆಯೋ ಈಚೆಯೋ ಎನ್ನುವುದು ಕಂಡಕ್ಟರ್ ಕೈಯಲ್ಲಿ.

ಘಟ್ಟದ ಮೇಲಿನವ: "ಕಂಡಕ್ಟರ್ ಕೈಯಲ್ಲಿ" ಅಂತೆ. ನಿಯಮ ಎಂದರೆ ನಿಯಮ. ದಾರಿಯಲ್ಲಿ ಸಿಗುವ ತಡಸದ ತನಕ ಪಾಸ್ ತೋರಿಸಿ, ಅಲ್ಲಿಂದ ಅರ್ಧ ಟಿಕೆಟ್ ತೆಗೆದರೆ ಯಾರೂ ಏನೂ ಕೇಳುವಂತಿಲ್ಲ.

ರಾಜಾಜಿನಗರ ಶಿರಸಿಗ: ಮಗುವಿನ ಜೀವನದ ಪ್ರಶ್ನೆ ಕೇಳಿದರೆ ತಡಸದಲ್ಲಿ ಇಳಿಸುತ್ತೀರಲ್ಲ ಮಾರಾಯ್ರೆ!

ಘಟ್ಟದ ಮೇಲಿನವ: ಇಳಿಸುವುದಲ್ಲ, ಟಿಕೆಟ್ ತೆಗೆಯುವುದು. ಸರಿಯಾಗಿ ಓದಿ.

ತೋಟದಮನೆ: ನಮ್ಮ ಮನೆ ಇರುವುದು ಸಿದ್ದಾಪುರ ರಸ್ತೆಯಲ್ಲಿ, ಪೇಟೆಯಿಂದ 14 ಕಿ.ಮೀ. ಒಳಗೆ. ಹೇಗೆ ಲೆಕ್ಕ ಹಾಕಿದರೂ ನೂರು ದಾಟುತ್ತದೆ. ದುಡ್ಡು ದೊಡ್ಡ ಮಾತಲ್ಲ. ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆದರೆ ಇವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮಲಗಿಬಿಡುತ್ತಾನೆ. ಸುತ್ತ ನಿಂತವರು "ಒಂದು ಬಾರಿಸಿದರೆ ಸರಿಯಾಗುತ್ತಾನೆ" ಎನ್ನುತ್ತಾರೆ. ಕಾರ್ಡ್ ತೋರಿಸಿದರೂ "ನೋಡಲು ಸರಿ ಇದ್ದಾನಲ್ಲ" ಎಂಬ ಮಾತು ತಪ್ಪುವುದಿಲ್ಲ. ಆಮೇಲೆ ಥೆರಪಿ ಕೋಣೆಗೆ ಹೋದಾಗ ಇವನಲ್ಲಿ ಏನೂ ಉಳಿದಿರುವುದಿಲ್ಲ.

ಘಟ್ಟದ ಮೇಲಿನವ: ಪಾಸ್ ಲೆಕ್ಕ ಮನೆಯಿಂದಲೋ ಸ್ಟ್ಯಾಂಡಿನಿಂದಲೋ, ಅದು ಬೇರೆ ಪ್ರಶ್ನೆ. ಸ್ಟ್ಯಾಂಡಿನಿಂದ ಎಂದೇ ನನ್ನ ಅಂದಾಜು.

ಕುಮಟಾದ ಅಮ್ಮ: ನೆಲದ ಮೇಲೆ ಮಲಗುವುದು ನನಗೆ ಗೊತ್ತು ಅಕ್ಕ. ನನ್ನ ಮಗಳು ಮಾರಿಕಾಂಬಾ ಜಾತ್ರೆಯಲ್ಲಿ ಹಾಗೇ ಮಾಡಿದ್ದಳು. ಈಗ ಕಿವಿಗೆ ದಪ್ಪ ಇಯರ್‌ಮಫ್ ಹಾಕಿ ಕರೆದುಕೊಂಡು ಹೋಗುತ್ತೇನೆ. ಜನ ನೋಡಿದರೆ ನೋಡಲಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯನ್ನೂ ವಿಚಾರಿಸಿ. ಒಂದು ಲಕ್ಷದ ತನಕ ಇದೆ, ಥೆರಪಿ ಖರ್ಚಿಗೂ ಸ್ವಲ್ಪ ಸಿಗುತ್ತದೆ.

ಕಾರವಾರ ಕಡಲು: ಬೆಂಗಳೂರೇ ಬೇಕು ಎನ್ನುವವರಿಗೆ ಒಂದು ಮಾತು. ನಮ್ಮ ಪಕ್ಕದ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಂದು ಅಧ್ಯಯನ ನಡೆದಿದೆ. 2ರಿಂದ 9 ವರ್ಷದ 65 ಮಕ್ಕಳು. ಮನೆಗೆ ಬಂದು ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಕಲಿಸಿದ್ದೂ ಮಗುವಿಗಲ್ಲ, ಅಪ್ಪ ಅಮ್ಮನಿಗೆ. 6 ತಿಂಗಳಲ್ಲಿ 12 ಸಲ, ಅಷ್ಟೇ. ಮಕ್ಕಳು ತಾವಾಗಿ ಅಪ್ಪ ಅಮ್ಮನ ಜೊತೆ ಸಂವಹನಕ್ಕೆ ಬರುವುದು ಜಾಸ್ತಿಯಾಯಿತು. 2016ರ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿದೆ. ತೋಟ ಬಿಡಬೇಕಾಗಿಲ್ಲ.

ರಾಜಾಜಿನಗರ ಶಿರಸಿಗ: ಅರ್ಧ ಮಾತ್ರ ಹೇಳಿದಿರಿ. ಮಗು ಮತ್ತು ದೊಡ್ಡವರು ಒಟ್ಟಿಗೆ ಒಂದೇ ವಸ್ತುವಿನ ಮೇಲೆ ಗಮನ ಇಡುವ ಹೊತ್ತು ಕಡಿಮೆಯಾಯಿತು ಎಂದೂ ಅದರಲ್ಲೇ ಇದೆ. ಅದನ್ನು ಯಾಕೆ ಬಿಟ್ಟಿರಿ?

ಕಾರವಾರ ಕಡಲು: ಮುಖ್ಯವಾದದ್ದು ಹೇಳಿದೆ.

ರಾಜಾಜಿನಗರ ಶಿರಸಿಗ: ನಿಮಗೆ ಬೇಕಾದದ್ದೇ ಮುಖ್ಯ! ಅಷ್ಟಕ್ಕೂ, ಮನೆಗೆ ಬಂದು ಕಲಿಸುವ ಆ ಕಾರ್ಯಕರ್ತರು ಶಿರಸಿಯಲ್ಲಿ ಎಲ್ಲಿದ್ದಾರೆ? ಹೆಸರು ಹೇಳಿ. ದೊಡ್ಡ ಆಸ್ಪತ್ರೆ ಕೊಡಿ ಎಂದು ಇಡೀ ಜಿಲ್ಲೆ ಕೂಗಿ ಎಷ್ಟು ವರ್ಷವಾಯಿತು? ಅದು ಬರುವ ತನಕ ಮಾಣಿ ಕಾಯುತ್ತಾನಾ?

ಕುಮಟಾದ ಅಮ್ಮ: ಕಲಿಸುವವರು ಮನೆಗೆ ಬರದಿದ್ದರೆ ನಾವೇ ಹೋಗಿ ಕಲಿತು ಬರಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಅದೇ ಆಯಿಷ್, 1965ರಿಂದ ಇದೆ. ಮನೆಯಲ್ಲಿ ಏನು ಮಾಡಿಸಬೇಕು ಎಂದು ಅಲ್ಲಿ ಕನ್ನಡದಲ್ಲೇ ಹೇಳಿಕೊಡುತ್ತಾರೆ. ನಾನು ಕಲಿತು ಬಂದೆ. ಕಾಯಿ ತುರಿಯುವಾಗ, ದನಕ್ಕೆ ಹುಲ್ಲು ಹಾಕುವಾಗ ಅದನ್ನೇ ಮಾಡಿಸುತ್ತೇನೆ.

ನಿವೃತ್ತ ಮಾಸ್ತರ: ದನಕ್ಕೆ ಹುಲ್ಲು! ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ಕುಮಟಾದ ಅಮ್ಮ: ನೀವು ಹೇಳಿದ್ದು ಮೊಬೈಲ್.

ನಿವೃತ್ತ ಮಾಸ್ತರ: ಎರಡೂ ಒಂದೇ ಅಲ್ವಾ? ಹುಲ್ಲು ಹಾಕುವ ಕೈಯಲ್ಲಿ ಮೊಬೈಲ್ ಇರುತ್ತದಾ?

ರಾಜಾಜಿನಗರ ಶಿರಸಿಗ: ಮಾಸ್ತರೇ, ನಿಮ್ಮ ಈ ಮಾತನ್ನೇ ನನ್ನ ಅತ್ತೆಯೂ ಹೇಳುತ್ತಿದ್ದರು. ನನ್ನ ಹೆಂಡತಿ ಒಂದು ವರ್ಷ ತನ್ನಿಂದಲೇ ಹೀಗಾಯಿತು ಎಂದು ಅತ್ತಳು. ಸುಮ್ನೆ ಬರೆಯುವ ಮೊದಲು ಓದುವವರು ಯಾರು ಎಂದು ನೋಡಿ.

ನಿವೃತ್ತ ಮಾಸ್ತರ: ಅತ್ತೆಯ ಮೇಲಿನ ಸಿಟ್ಟು ನನ್ನ ಮೇಲೆ ಬೇಡ. ಮೊದಲ ಕಮೆಂಟ್ ತೆಗೆಯಬೇಕೆಂದಿದ್ದರೆ ತೆಗೆಯುತ್ತೇನೆ. ಅಭಿಪ್ರಾಯ ತೆಗೆಯುವುದಿಲ್ಲ.

ಘಟ್ಟದ ಮೇಲಿನವ: ಇಂದು ಡಿಪೋದಲ್ಲಿ ಗುರುತಿನವರನ್ನು ಕೇಳಿದೆ. ಗಡಿ ಮೀರಿದರೆ ಮಿಕ್ಕ ದೂರಕ್ಕೆ ಟಿಕೆಟ್ ಎಂದರು. ಅಂದರೆ ನನ್ನ ತಡಸ ಸರಿ.

ಕಾರವಾರ ಕಡಲು: ಗಡಿ ಮೀರುತ್ತದೆ ಎಂದು ಒಪ್ಪಿಕೊಂಡಿರಿ. ಸಂತೋಷ.

ಘಟ್ಟದ ಮೇಲಿನವ: ಎಲ್ಲಿ ಒಪ್ಪಿಕೊಂಡೆ?

ತೋಟದಮನೆ: ಇಂದು ಬಸ್ಸು ಮುಂಡಗೋಡ ದಾಟಿದ ಮೇಲೆ ಕೆಟ್ಟು ನಿಂತಿತು. ಥೆರಪಿ ತಪ್ಪಿತು. ರಸ್ತೆ ಬದಿ ಒಂದು ಗಂಟೆ ಕೂತಿದ್ದೆವು. ಇವನು ಒಂದು ಮರ ತೋರಿಸಿ "ಅಡಿಕೆ" ಎಂದ. ಅದು ತೆಂಗಿನ ಮರ. ಬೆರಳು ಮಾಡಿ ತೋರಿಸಿದ್ದು ಇದೇ ಮೊದಲು.

ರಾಜಾಜಿನಗರ ಶಿರಸಿಗ: ನೋಡಿದಿರಾ? ಥೆರಪಿಯ ಫಲ. ವಾರಕ್ಕೆ ಐದು ದಿನ ಆದರೆ ಹೇಗಿರಬಹುದು, ಯೋಚಿಸಿ.

ಕಾರವಾರ ಕಡಲು: ಥೆರಪಿ ತಪ್ಪಿದ ದಿನವೇ ಆದದ್ದು!

ನಿವೃತ್ತ ಮಾಸ್ತರ: ಒಂದು ಗಂಟೆ ಮೊಬೈಲ್ ಇಲ್ಲದೇ ಕೂತ, ಮಾತು ಬಂತು.

ಕುಮಟಾದ ಅಮ್ಮ: ಅಕ್ಕ, ನೀವು ತೆಂಗು ಎಂದು ತಿದ್ದಲಿಲ್ಲ ತಾನೇ?

ತೋಟದಮನೆ: ಇಲ್ಲ. "ಹೌದು, ಅಡಿಕೆ" ಎಂದೆ.

ಘಟ್ಟದ ಮೇಲಿನವ: ಒಟ್ಟಿನಲ್ಲಿ ಬಸ್ಸು ಹೋದದ್ದು ಮುಂಡಗೋಡದ ಮೇಲೇ ಅಲ್ವಾ?